ಕಂಬಳಿ ಅಂಗಡಿಗೆ ಬೀಗರ ಲಿಂಕು

ಮದುವೆ ಕಾರ್ಡಿನಲ್ಲಿ ಯಾರ ಹೆಸರು ಮೊದಲು, ಯಾರದು ಆಮೇಲೆ ಎಂಬ ವಿಷಯದಲ್ಲಿ ಝರಾಸಂಗಂ ಸುತ್ತಮುತ್ತ ನನ್ನ ಮಾತೇ ಕೊನೆ. ಶಾಲೆ ಮೂರನೇ ಕ್ಲಾಸಿಗೇ ಬಿಟ್ಟವಳು ನಾನು. ಆದರೂ ನಾನು ಹೇಳಿ ಬರೆಸಿದ ಕಾರ್ಡಿನಿಂದ ಒಂದು ಜಗಳವೂ ಹುಟ್ಟಿಲ್ಲ. ಅದೇ ಧೈರ್ಯದ ಮೇಲೆ ಸೊಸೆಯ ವೆಬ್‌ಸೈಟಿಗೆ ಕೈ ಹಾಕಿದೆ.

ನಮ್ಮದು ಕುರಿ ಸಾಕುವ ಮನೆ. ಉಣ್ಣೆ ನಮ್ಮದೇ, ಕಂಬಳಿಯೂ ನಮ್ಮದೇ. ಮಾರಲಿಕ್ಕೆ ಸೊಸೆ ಸಾವಿತ್ರಿ ಫೋನಿನಲ್ಲೇ ವೆಬ್‌ಸೈಟು ಮಾಡಿದಳು. ಮಾರಾಟವಾಗದ ಕಂಬಳಿ ಎಲ್ಲಿಟ್ಟರು? ನನ್ನ ಮಂಚದ ಮೇಲೆ! ಅವು ಸೂರಿಗೆ ಮುಟ್ಟಿದವು, ನಾನು ನೆಲಕ್ಕೆ ಬಂದೆ. ಚಳಿ ಮುಗಿಯುವುದರೊಳಗೆ ಹೋದರೆ ಹೋದವು. ಬೇಸಿಗೆಯಲ್ಲಿ ಕಂಬಳಿ ಯಾವ ಪುಣ್ಯಾತ್ಮ ಕೊಳ್ಳುತ್ತಾನೆ?

“ಫೋನಿನಾಗ ಕಂಬಳಿ ಹುಡುಕಿದೋರಿಗೆ ನಮ್ಮ ಅಂಗಡಿ ಎಲ್ಲಾರ್ಕಿಂತ ಕೆಳಗ ಕಾಣಸ್ತದ್ರಿ ಅತ್ತಿ,” ಎಂದಳು ಸಾವಿತ್ರಿ. “ಬ್ಯಾರೇದೋರ ಛಲೋ ಪುಟಕ್ಕ ನಾವು ಲಿಂಕ್ ಕೊಡಬೇಕಂತ. ಅದನ್ನ ಒತ್ತಿದ್ರ ಸೀದಾ ಅಲ್ಲಿಗೆ ಹೋಗ್ತಾರ. ಓದೋರಿಗೆ ಉಪಯೋಗ ಆದ್ರ ನಮ್ಮ ಮ್ಯಾಲೂ ಭರೋಸಾ ಬರ್ತದ, ನಾವು ಮ್ಯಾಲ ಬರ್ತೀವಿ.”

“ಅಂದ್ರ ಮಂದಿ ಹೆಸರು ಹಾಕಿದ್ರ ನಮ್ಮ ಇಜ್ಜತ್ ಏರ್ತದ. ಮದಿವಿ ಕಾರ್ಡಿನಂಗ!”

“ಹಂಗಲ್ರಿ. ಕಂಬಳಿ ಹ್ಯಾಂಗ ಒಗೀಬೇಕು ಅಂತ ತಿಳಿಸೋ ಪುಟ ಒಂದದ…”

“ಒಗಿಯೋ ಪುಟ ನಮಗೇನು ಬೀಗರೇನು? ಸುಮ್ನ ಬರಿ. ನಾ ಹೇಳ್ತೀನಿ.”

ಹೇಳಿದೆ. ನಾರಾಯಣಖೇಡದಲ್ಲಿ ನನ್ನ ತಮ್ಮನ ಬ್ಯಾಂಡ್ ಬಾಜಾ. ತಾಂಡೂರಿನಲ್ಲಿ ಬೀಗರ ಹಾಸುಗಲ್ಲಿನ ಅಂಗಡಿ. ಮೊಗುಡಂಪಲ್ಲಿಯಲ್ಲಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಶರಣಮ್ಮ.

“ಅತ್ತಿ, ಆಕಿನೂ ಕಂಬಳೀನೇ ಮಾರ್ತಾಳ್ರಿ!”

“ಮಾರ್ಲಿ. ಮನೆತನದಾಕಿ ಹೆಸರು ಬಿಟ್ರ ನಾಳಿ ಬಾಗಲಿಗೆ ಬಂದು ನಿಂದರ್ತಾಳ.”

ಮರುದಿನವೇ ತಾಂಡೂರಿನಿಂದ ಬೀಗರ ಫೋನು. “ಏನ್ರಿ ಬೀಗ್ತಿ, ಬ್ಯಾಂಡಿನವನ ಕೆಳಗ ನಮ್ಮ ಹೆಸರಾ? ನಿಮ್ಮ ಮಗಳನ್ನ ತಂದುಕೊಂಡೋರಿಗೆ ಇದಾ ಮರ್ಯಾದಿ?”

ಅವರನ್ನು ಮೇಲೇರಿಸಿದೆ. ತಮ್ಮ ಮುನಿಸಿಕೊಂಡ. ಅವನ ಹೆಸರಿನ ಪಕ್ಕ ಡೋಲಿನ ಚಿತ್ರ ಹಾಕಿಸಿದೆ. ಶರಣಮ್ಮನಿಗೂ ಚಿತ್ರ ಬೇಕಾಯಿತು. ಹಾಕಿಸಿದೆ! ಪುಟ ತೆರೆದರೆ ಮೇಲೆ ಕಲ್ಲು, ನಡುವೆ ಡೋಲು, ಅದರ ಕೆಳಗೆ ಶರಣಮ್ಮನ ಕಂಬಳಿ. ನಮ್ಮ ಕಂಬಳಿ? ಬೆರಳು ನೋಯುವ ತನಕ ಕೆಳಗೆ ಎಳೆಯಬೇಕು.

ಆದರೂ ಫೋನು ಬಂತು! ಜಹೀರಾಬಾದಿನ ಗಿರಾಕಿ.

“ಅಮ್ಮಾ, ನಿಮ್ಮ ವೆಬ್‌ಸೈಟಿಂದ ಭಾಳ ಉಪಯೋಗ ಆತ್ರಿ.”

“ಎಷ್ಟು ಕಂಬಳಿ ಬೇಕಪ್ಪಾ?”

“ಕಂಬಳಿ ಮೊಗುಡಂಪಲ್ಲಿಯಿಂದ ತರಿಸೀನ್ರಿ. ಮಗಳ ಮದಿವಿಗೆ ಬ್ಯಾಂಡೂ ಗೊತ್ತು ಮಾಡೀನ್ರಿ. ಇನ್ನ ಅಂಗಳಕ್ಕ ಕಲ್ಲು ಹಾಸ್ಬೇಕು. ಆ ತಾಂಡೂರಿನವರು ಛಲೋ ಮಂದಿ ಏನ್ರಿ?”

ಛಲೋ ಮಂದಿ ಅಂದೆ. ಬೀಗರನ್ನು ಮತ್ತೇನು ಅನ್ನಲಿ!

ಸಾವಿತ್ರಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲ ಲಿಂಕು ಕಿತ್ತು, ಒಗೆಯುವ ಪುಟದ್ದು ಒಂದೇ ಒಂದು ಹಾಕಿದಳು. “ಇದು ಲಗೂನ ಕೆಲಸ ಮಾಡಂಗಿಲ್ರಿ ಅತ್ತಿ. ತಡಿಬೇಕು.” ನಾವು ತಡೆದೆವು, ಚಳಿ ತಡೆಯಲಿಲ್ಲ.

ಮಾನ ಬಿಟ್ಟು ಶರಣಮ್ಮನಿಗೆ ಫೋನು ಹಚ್ಚಿದೆ. “ತಂಗೀ, ನಿನ್ನ ಪುಟದಾಗ ನಮ್ಮದೂ ಲಿಂಕ್ ಹಾಕವ್ವಾ.”

“ಅಯ್ಯ ಅಕ್ಕಾ! ಹಾಕಿದ್ರ ನನ್ನ ಗಿರಾಕಿ ನಿಮ್ಮ ಕಡಿ ಹೋಗಂಗಿಲ್ಲೇನು?”

ಅವಳು ಶಾಲೆಯ ಕಟ್ಟೆಯನ್ನೂ ಹತ್ತಿದವಳಲ್ಲ!

ಈಗ ಅವಳ ಅಂಗಡಿ ಖಾಲಿ. ನಮ್ಮ ಕಂಬಳಿ ಮಂಚದ ಮೇಲೆ. ನಾನು ನೆಲದ ಮೇಲೆ, ಗಿರಾಕಿ ಕಳಿಸಿದ್ದಕ್ಕೆ ಬೀಗರು ಕೊಟ್ಟ ಕಲ್ಲಿನ ಮೇಲೆ. ಬೇಸಿಗೆಗೆ ತಣ್ಣಗಿರುತ್ತದೆ, ಛಲೋ ಕಲ್ಲು. ಲಿಂಕು ಬೇಕಾದರೆ ಹೇಳಿ!