ಹಂಡೆಗೆ ಧೈರ್ಯ ಹೇಳಿದ್ದು

ಅಮಲ್ದಾರರ ಕ್ಯಾಂಪುಗಳನ್ನೇ ಕೂದಲು ಕೊಂಕದಂತೆ ನಡೆಸಿಕೊಟ್ಟ ಕಡೂರಿನ ಗುಮಾಸ್ತ ನಾನು. ನನಗೆ ಒಂದು ಹೆರಿಗೆ ಯಾವ ಲೆಕ್ಕ! ೧೯೭೮ರಲ್ಲಿ ನನ್ನ ಹೆಂಡತಿ ಪಂಕಜಾಕ್ಷಿ ಚೊಚ್ಚಲ ಹೆರಿಗೆಗೆ ಅಜ್ಜಂಪುರದ ತವರಿಗೆ ಹೋದಾಗ, ರಜೆ ಹಾಕಿ ಹಿಂದೆಯೇ ಹೋಗಿ ಘೋಷಿಸಿದೆ: "ಹೆರಿಗೆ ತರೀಕೆರೆ ದೊಡ್ಡಾಸ್ಪತ್ರೇಲಿ. ಹೊನ್ನಯ್ಯನ ಕಾರು ಬುಕ್ಕಾಗಿದೆ. ಕಿಟಕಿ ಪಕ್ಕದ ಮಂಚಕ್ಕೂ ಹೇಳಿಟ್ಟಿದೀನಿ!"

ಅತ್ತೆ ಈಶ್ವರಮ್ಮನವರು ಒಲೆ ಊದುವುದನ್ನು ನಿಲ್ಲಿಸಿದರು. "ನಾನು ಐದು ಹೆತ್ತಿದ್ದು ಇದೇ ಕೋಣೇಲಿ ಕಣ್ರೀ. ಅಲ್ಲಿ ಬಾಣಂತಿಗೆ ಹಂಡೆ ತುಂಬ ನೀರು ಕಾಯ್ಸೋರ್ಯಾರು? ನಿಮ್ಮ ಅಮಲ್ದಾರ್ರಾ?"

ನನ್ನಕ್ಕ ಮನೆಯಲ್ಲೇ ಹೆರಲು ಹೋಗಿ ಜೀವ ಹೋಗುವಂತೆ ನರಳಿದ್ದನ್ನು ಕಂಡಿದ್ದೆ. ನನಗೆ ನಿಜಕ್ಕೂ ಭಯವಿತ್ತು. ಆದರೆ ಗಂಡಸು ಭಯ ಎನ್ನುವುದುಂಟೆ? ಪ್ಲಾನ್ ಎಂದೆ! ಕೊನೆಗೆ ರಾಜಿಯಾಯಿತು: ಹೋಗುವುದು ಆಸ್ಪತ್ರೆಗೇ, ಜೊತೆಗೆ ಹಂಡೆಯೂ ಬರುವುದು.

"ನಂದೊಂದು ಮಾತು..." ಎಂದಳು ಪಂಕಜಾಕ್ಷಿ.

"ನೀನು ಸುಮ್ನೆ ಮಲಕ್ಕೊಳ್ಳೇ!" ಅತ್ತೆಯೂ ನಾನೂ ಒಟ್ಟಿಗೇ ಹೇಳಿದೆವು. ನಾವಿಬ್ಬರೂ ಜಗಳವಿಲ್ಲದೆ ಒಪ್ಪಿದ ವಿಷಯ ಅದೊಂದೇ.

ಒಂದು ಭಾನುವಾರ ಬೆಳಿಗ್ಗೆ ನೋವು ಅಂದಳು. ಹಿಂದಿನ ಸೀಟಿನಲ್ಲಿ ಕೂರಿಸಿದೆ. ಆಮೇಲೆ ಬಂತು ನೋಡಿ, ತಾಮ್ರದ ಹಂಡೆ! ಕಾರಿನ ಬಾಗಿಲಲ್ಲಿ ಕಚ್ಚಿಕೊಂಡುಬಿಟ್ಟಿತು.

"ಓರೆ ಮಾಡ್ರೀ!"

"ನಿಮ್ಮ ಹಂಡೆ, ನೀವೇ ಮಾಡಿ!"

"ನಿಮ್ಮ ಕಾರಿನ ಬಾಗ್ಲೇ ಇಷ್ಟು!"

ಎಳೆದಾಡಿ, ಬೈದಾಡಿ, ಅಂತೂ ಒಳಗೆ ತುರುಕಿದೆವು. ಅತ್ತೆ ಅದರ ಮೇಲೆ ಕಂಬಳಿ, ಹಳೇ ಸೀರೆ ಎಲ್ಲ ಚಾವಣಿ ಮುಟ್ಟುವಂತೆ ಒಟ್ಟಿದರು. ಹಿಂದೆ ಏನೂ ಕಾಣುತ್ತಿರಲಿಲ್ಲ. ಅತ್ತೆ ಅಳಿಯ ಇಬ್ಬರೂ ಹೊನ್ನಯ್ಯನ ಪಕ್ಕದಲ್ಲಿ ಮುಖ ತಿರುಗಿಸಿಕೊಂಡು ಕೂತೆವು.

ಗುಂಡಿ ಬಂದಾಗೆಲ್ಲ ನಾನು ಕೂಗುತ್ತಿದ್ದೆ: "ಧೈರ್ಯವಾಗಿರು ಪಂಕಜಾ! ನಾನಿದೀನಿ!" ಹಿಂದಿನಿಂದ ಹಂಡೆಯ ಠಣ್ ಬಿಟ್ಟರೆ ಒಂದು ನರಳಾಟವಿಲ್ಲ.

"ನೋಡಿ, ಹಲ್ಲು ಕಚ್ಚಿ ಸಹಿಸ್ಕೊತಿದಾಳೆ. ನನ್ನ ಹೆಂಡ್ತಿ!" ಎಂದೆ.

"ನನ್ನ ಮಗಳು ಕಣ್ರೀ!" ಎಂದರು ಅತ್ತೆ.

ತರೀಕೆರೆಯಲ್ಲಿ ಆಯಾ ಬಾಗಿಲು ತೆಗೆದು ಕಂಬಳಿ ಸರಿಸಿದಳು. "ಪೇಷೆಂಟ್ ಎಲ್ರೀ?"

ಹಂಡೆ ಒಂದೇ ಕೂತಿತ್ತು! ಅತ್ತೆ ನನ್ನ ಕೈ ಹಿಡಿದುಕೊಂಡು ಅತ್ತೇಬಿಟ್ಟರು: "ಎಲ್ಲಾದ್ರೂ ಬಿದ್ಬಿಟ್ಳೇನೋ ಅಳಿಯಂದ್ರೇ!" ವಾಪಸು ಬರುವಾಗ ದಾರಿಯ ಒಂದೊಂದು ಹಳ್ಳಕ್ಕೂ ಇಳಿದು ನೋಡಿದೆವು. ಇಬ್ಬರೂ ಒಬ್ಬರನ್ನೊಬ್ಬರು ಬೈಯಲಿಲ್ಲ. ನಾನೂ ಅತ್ತುಬಿಟ್ಟೆ, ಸುಳ್ಳೇಕೆ.

ಅಜ್ಜಂಪುರದಲ್ಲಿ ಮನೆಯ ಮುಂದೆಯೇ ಪಕ್ಕದ ಮನೆ ಶಂಕರಮ್ಮ ನಿಂತಿದ್ದರು. "ಎಲ್ಲೋಗಿದ್ರಿ? ಹೆಣ್ಣು ಕೂಸು!"

ಹಿಂದಿನ ಬೀದಿಯ ಸಣ್ಣ ಆಸ್ಪತ್ರೆಗೆ ಓಡಿದೆವು. ತಿಂಗಳು ತಿಂಗಳೂ ಪಂಕಜಾಕ್ಷಿಯನ್ನು ನೋಡುತ್ತಿದ್ದ ನರ್ಸ್ ಪ್ರೇಮಮ್ಮ ಮಗುವನ್ನು ಒರೆಸುತ್ತಿದ್ದರು. ಪಂಕಜಾಕ್ಷಿ ಆರಾಮಾಗಿ ಕಾಫಿ ಕುಡಿಯುತ್ತಿದ್ದಳು.

"ಹಿಂಗಾ ಹೇಳ್ದೇ ಕೇಳ್ದೇ ಇಳಿದ್ಬಿಡೋದು?" ಎಂದೆ, ಕಣ್ಣೊರೆಸಿಕೊಂಡು.

"ಹೇಳಿದ್ನಲ್ಲ! 'ತಡ್ಕಳಕ್ಕಾಗಲ್ಲ, ಪ್ರೇಮಮ್ಮನ ಹತ್ರ ಹೋಗ್ತೀನಿ' ಅಂದೆ. ನೀವಿಬ್ರೂ ಹಂಡೆ ಎಳೀತಿದ್ರಿ. ಆ ಕಡೆ ಬಾಗ್ಲಿಂದ ಇಳಿದೆ, ಶಂಕರಮ್ಮ ಕರ್ಕೊಂಡು ಬಂದ್ರು. ಅವತ್ತೂ ಇದನ್ನೇ ಹೇಳಕ್ಕೆ ಬಾಯಿ ತೆಗೆದಿದ್ದೆ."

ತಲೆ ತಗ್ಗಿಸಿದೆ. "ಮುಂದಿನ ಸಲ ನಿನ್ನನ್ನೇ ಕೇಳ್ತೀನಿ ಕಣೇ."

ಬಾಗಿಲಲ್ಲಿ ಹೊನ್ನಯ್ಯ ಕಿಸಕ್ಕನೆ ನಕ್ಕ. ಕಾರಲ್ಲಿ ನಮಗಿಂತ ಮೊದಲೇ ಬಂದು, ದಾರಿಯುದ್ದಕ್ಕೂ ನಾನು ಕೂಗಿದ್ದನ್ನೆಲ್ಲ ಅವಳಿಗೆ ಊದಿಬಿಟ್ಟಿದ್ದ!

"ನನ್ನನ್ಯಾಕೆ?" ಎಂದಳು ಪಂಕಜಾಕ್ಷಿ. "ಹಂಡೇನೇ ಕೇಳಿ. ತರೀಕೆರೆವರ್ಗೂ ಧೈರ್ಯ ಹೇಳಿಸ್ಕೊಂಡಿದ್ದು ಅದೇ ತಾನೇ!"