ಮಕ್ಕಳ ಹಿತದೃಷ್ಟಿಯಿಂದ ಸೋಫಾ

ಇಂದ,
ಒಂಬತ್ತನೇ ತರಗತಿ ವಿದ್ಯಾರ್ಥಿನಿ,
(ಅರ್ಜಿದಾರರಾದ ಅಮ್ಮ ಹಾಗೂ ಎದುರುದಾರರಾದ ಅಪ್ಪನ ಹಿರಿಯ ಮಗಳು)
ಮೂರನೇ ಮಹಡಿ, ಹಂಚಿಕೆಯಾಗುತ್ತಿರುವ ಮನೆ.

ಗೆ,
ಮಾನ್ಯ ನ್ಯಾಯಾಧೀಶರು,
ಕೌಟುಂಬಿಕ ನ್ಯಾಯಾಲಯ.

ವಿಷಯ: ಮನೆಯನ್ನು ಮಾರದೆ ಉಳಿಸಿಕೊಡುವ ಬಗ್ಗೆ.

ಉಲ್ಲೇಖ: ಸಾಮಾನು ಪಟ್ಟಿ ಮಾಡಲು ತಾವು ಕಳಿಸಿದ ಅಧಿಕಾರಿಗಳ ಭಾನುವಾರದ ಭೇಟಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ತಂದೆತಾಯಿಯರ ವಿಚ್ಛೇದನ ಆಗಿಹೋಗಿದೆ. ಅದಕ್ಕೆ ನಮ್ಮ ತಕರಾರಿಲ್ಲ. ಅಪ್ಪ ಬೇರೆ ಕಡೆ ಹೋದ ಮೇಲೆ ಊಟ ಗಂಟಲಲ್ಲಿ ಇಳಿಯುತ್ತಿದೆ. ಈಗ ಬಾಕಿ ಇರುವುದು ಆಸ್ತಿ. ಅಪ್ಪ ಕಾರನ್ನೂ ಟಿ.ವಿ.ಯನ್ನೂ, ಅಮ್ಮ ಸೋಫಾವನ್ನೂ ವಾಷಿಂಗ್ ಮೆಷಿನ್ನನ್ನೂ "ಮಕ್ಕಳ ಹಿತದೃಷ್ಟಿಯಿಂದ" ಕೇಳಿದ್ದಾರೆ. ನಮ್ಮ ಹಿತ ಇಷ್ಟೊಂದು ಸಾಮಾನಿನಲ್ಲಿ ಹರಡಿಕೊಂಡಿದೆಯೆಂದು ನಮಗೇ ಗೊತ್ತಿರಲಿಲ್ಲ.

೨. ಅಧಿಕಾರಿಗಳು ಒಂದೊಂದು ಸಾಮಾನಿಗೂ ನಂಬರಿನ ಚೀಟಿ ಅಂಟಿಸುತ್ತಾ ಹೋದರು. ಆರು ವರ್ಷದ ನನ್ನ ತಂಗಿ ಅವರ ಹಿಂದೆಯೇ ಸುತ್ತುತ್ತಾ, "ಅಂಕಲ್, ನಾನ್ಯಾರ ಪಟ್ಟೀಲಿದ್ದೀನಿ?" ಎಂದಳು. "ನೀನು ಸಾಮಾನಲ್ಲ ಪುಟ್ಟಿ," ಎಂದರು ಅವರು. ಆದ ಕಾರಣ, ಅವಳು ಬೀರುವಿನ ಮೇಲಿದ್ದ ನಲವತ್ತಮೂರನೇ ಚೀಟಿ ಕಿತ್ತು, ತನ್ನ ಎದೆಗೆ ಅಂಟಿಸಿಕೊಂಡು ಹಾಲ್‌ನ ನಡುವೆ ನಿಂತಳು.

೩. ಅರ್ಧ ಗಂಟೆ ನಿಂತಳು. ಪಟ್ಟಿಗೆಂದು ಬಂದಿದ್ದ ಅಪ್ಪನೂ ಅಮ್ಮನೂ ಮಿಕ್ಸಿಗಾಗಿ ಕಚ್ಚಾಡುತ್ತಾ ಎರಡು ಸಲ ಅವಳನ್ನು ಸುತ್ತಿಕೊಂಡೇ ಓಡಾಡಿದರು. ಕೊನೆಗೆ ಅಪ್ಪ, "ನಲವತ್ಮೂರು ಎಲ್ಲೋಯ್ತು?" ಎಂದು ಕೂಗಿದಾಗ ತಂಗಿ ಹಾಜರಿ ಹೇಳುವಂತೆ ಕೈ ಎತ್ತಿದಳು. ಅಪ್ಪ ಬಗ್ಗಿ, ಹರಿಯದ ಹಾಗೆ ಜೋಪಾನವಾಗಿ ಚೀಟಿ ಬಿಡಿಸಿ, ಬೀರುವಿಗೆ ಅಂಟಿಸಿದರು. "ನೆಟ್ಟಗೆ ಅಂಟ್ಸಿ. ಆಮೇಲೆ ಇರ್ಲೇ ಇಲ್ಲ ಅಂದ್ಬಿಡ್ತೀರಿ," ಎಂದರು ಅಮ್ಮ. ತಂಗಿಯ ಮುಖ ನೋಡಿದವರು ಅಧಿಕಾರಿಗಳೊಬ್ಬರೇ. ಅವರು ಪೆನ್ನು ಮುಚ್ಚಿ, ಒಂದು ಲೋಟ ನೀರು ಕೇಳಿ ಕುಡಿದು, ಹೊರಟೇಬಿಟ್ಟರು.

೪. ಈಗ ಮನೆಯನ್ನೇ ಮಾರಿ ಹಂಚಿಕೊಳ್ಳಲು ಇಬ್ಬರೂ ಒಪ್ಪಿದ್ದಾರಂತೆ. ನನಗೆ ಬುದ್ಧಿ ಬಂದಾಗಿನಿಂದ ಅವರು ಒಮ್ಮತದಿಂದ ಕೈಗೊಂಡ ಮೊದಲ ತೀರ್ಮಾನವಿದು. ಅದರ ಪ್ರಕಾರ ನಾನು ಅಮ್ಮನ ಜೊತೆ, ತಂಗಿ ಅಪ್ಪನ ಜೊತೆ, ಊರು ಎರಡು. ಅಪ್ಪನಿಗೆ ಜಡೆ ಹೆಣೆಯಲು ಬರುವುದಿಲ್ಲ. ತಂಗಿ ಈಗಾಗಲೇ ತನ್ನ ಕೂದಲು ಕತ್ತರಿಸಿಬಿಡು ಎಂದು ನನ್ನ ಮುಂದೆ ಕತ್ತರಿ ಹಿಡಿದು ಕೂತಿದ್ದಾಳೆ.

೫. "ಮಕ್ಕಳು ಬ್ಯಾಗು ಹಿಡ್ಕೊಂಡು ಅಲ್ಲಿಗೂ ಇಲ್ಲಿಗೂ ಓಡಾಡ್ಕೊಂಡಿರ್ತಾರೆ, ಬೇಗ ಹೊಂದ್ಕೋತಾರೆ," ಎಂದು ಎರಡೂ ಕಡೆಯ ವಕೀಲರು ಹೇಳಿದ್ದಾರೆ. ಅಷ್ಟು ಸುಲಭದ ಕೆಲಸವನ್ನು ದೊಡ್ಡವರೂ ಮಾಡಬಲ್ಲರು.

ಆದ್ದರಿಂದ, ತಂಗಿಯ ಶಾಲೆ ಮುಗಿಯುವವರೆಗೆ ನಾವಿಬ್ಬರೂ ಈ ಮನೆಯಲ್ಲೇ ಇದ್ದು, ಅಪ್ಪ-ಅಮ್ಮನೇ ಬ್ಯಾಗು ಹಿಡಿದು ವಾರಕ್ಕೊಬ್ಬರಂತೆ ಬಂದುಹೋಗಲು ಆದೇಶಿಸಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ
(ಸದ್ಯಕ್ಕೆ ಬೇರೆ ಯಾರಲ್ಲೂ ವಿಶ್ವಾಸವಿಲ್ಲ),
ಹಿರಿಯ ಮಗಳು

ಲಗತ್ತುಗಳು:
೧. ತಂಗಿಯ ಸಹಿ (ಒಂದಕ್ಷರ ತಿರುಗುಮುರುಗಾಗಿದೆ, ಮನ್ನಿಸುವುದು).
೨. ಅಪ್ಪ-ಅಮ್ಮನ ಪಾಳಿ ಪಟ್ಟಿ.

ವಿ.ಸೂ.: ಬೀಗದ ಕೈ ನಮ್ಮ ಬಳಿಯೇ ಇರತಕ್ಕದ್ದು. ಅವರು ಬೆಲ್ ಒತ್ತಿ, ನಾವು ಬಾಗಿಲು ತೆಗೆಯುವವರೆಗೆ ಹೊರಗೆ ನಿಲ್ಲತಕ್ಕದ್ದು.