ಆಫ್ ಮಾಡುವುದೇ ಮೊದಲ ಪಾಠ

ನಮ್ಮ ಮಾವನಷ್ಟು ಶ್ರದ್ಧೆಯಿಂದ ಕಂಪ್ಯೂಟರ್ ತರಬೇತಿ ನಡೆಸಿದವರು ಇಡೀ ಪೀಣ್ಯದಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಅವರಿಗೆ ಕಂಪ್ಯೂಟರ್ ಬರುವುದಿಲ್ಲ ಎನ್ನುವುದು ಬೇರೆ ಮಾತು! ಬರುವುದಿಲ್ಲ ಎಂದರೆ ಅಷ್ಟಕ್ಕಷ್ಟೇ ಎಂದಲ್ಲ, ಅದನ್ನವರು ಮುಟ್ಟಿಯೇ ಇಲ್ಲ. ಒಮ್ಮೆ ಮೌಸನ್ನು ಒರೆಸುವ ಬಟ್ಟೆಯಲ್ಲಿ ಹಿಡಿದು ಪಕ್ಕಕ್ಕಿಟ್ಟದ್ದನ್ನು ಕಂಡಿದ್ದೇನೆ, ಅಷ್ಟೆ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಪೀಣ್ಯದ ಒಂದು ಬಾಡಿಗೆ ಶೆಡ್ಡಿನಲ್ಲಿ ಸ್ಪ್ರಿಂಗು ಮಾಡುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದರು. ಅಲ್ಲಿ ಅವರದೇ ಎರಡು ಕಾನೂನುಗಳಿದ್ದವು. ಹೊಸಬರು ಬಂದರೆ ಮೊದಲು ಮೆಷೀನು ನಿಲ್ಲಿಸುವುದನ್ನು ಕಲಿಯಬೇಕು, ಚಾಲೂ ಮಾಡುವುದು ಆಮೇಲೆ. ಮತ್ತೆ, ಯಾವುದನ್ನು ಯಾರು ಚಾಲೂ ಮಾಡಿದರೋ ಅವರೇ ಅದನ್ನು ನಿಲ್ಲಿಸಬೇಕು, ಇನ್ನೊಬ್ಬರು ಕೈ ಹಾಕುವಂತಿಲ್ಲ. ಕೆಲಸ ಎಲ್ಲಿಗೆ ಬಂದಿದೆ ಎಂದು ಶುರು ಮಾಡಿದವನಿಗಲ್ಲದೆ ಬೇರೆ ಯಾರಿಗೆ ಗೊತ್ತು ಎನ್ನುವುದು ಅವರ ವಾದ.

ಕಾರ್ಖಾನೆಗೆ ಮಾತ್ರ ಈ ಕಾನೂನು ಎಂದುಕೊಂಡಿರಾ? ಮನೆಗೂ ಇತ್ತು! ಅತ್ತೆ ನಡುಮನೆಯ ಫ್ಯಾನು ಹಾಕಿ ಮರೆತು ಮಲ್ಲೇಶ್ವರಕ್ಕೆ ಹೋಗಿಬಿಟ್ಟರೆ, ಮಾವ ಚಳಿಗಾಲದಲ್ಲೂ ಶಾಲು ಹೊದ್ದು, ಕಿವಿಗೆ ಮಫ್ಲರ್ ಸುತ್ತಿ ಅದರ ಕೆಳಗೇ ಪೇಪರ್ ಓದುತ್ತ ಕೂತಿರುತ್ತಿದ್ದರು. ಆರಿಸುತ್ತಿರಲಿಲ್ಲ. ಅತ್ತೆ ಬಂದವರು ತಲೆ ಚಚ್ಚಿಕೊಂಡು ಫ್ಯಾನು ನಿಲ್ಲಿಸುತ್ತಿದ್ದರು. ಅತ್ತೆ ತೀರಿಕೊಂಡು ಕೆಲವು ವರ್ಷಗಳಾದವು. ಈಗ ಆ ಮನೆಯಲ್ಲಿ ಹಾಕುವವರೂ ಆರಿಸುವವರೂ ಮಾವ ಒಬ್ಬರೇ.

ಕಳೆದ ವರ್ಷ ಶೆಡ್ಡಿನ ಮಾಲೀಕರು ಜಾಗವನ್ನು ಮಾರಿಬಿಟ್ಟರು. ಬೇರೆ ಕಡೆ ಹೊಸದಾಗಿ ಶುರು ಮಾಡುವ ಶಕ್ತಿ ಮಾವನಿಗಿರಲಿಲ್ಲ. ದಸರೆಯವರೆಗೆ ನಡೆಸಿ ಮುಚ್ಚುವುದೆಂದು ತೀರ್ಮಾನವಾಯಿತು. ಕೆಲಸದವರೆಲ್ಲ ಬೇರೆ ಕಡೆ ಹುಡುಕತೊಡಗಿದರು. ಪ್ಯಾಕಿಂಗಿನ ಕೆಂಪಮ್ಮ ದಾಸರಹಳ್ಳಿಯ ತನ್ನ ಮನೆಯ ಹತ್ತಿರದ ಒಂದು ಗೋಡೌನಿಗೆ ಹೋಗಿ ಕೇಳಿಕೊಂಡು ಬಂದಳು. ಗಂಡ ಬೆನ್ನು ನೋವಿನಿಂದ ಹಾಸಿಗೆ ಹಿಡಿದಿದ್ದ, ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

"ಏನಂದ್ರು?" ಎಂದು ಮಾವ ಕೇಳಿದರು.

"ಕಂಪ್ಯೂಟರ್ ಬರ್ತದಾ ಅಂದ್ರು ಸಾರ್. ಇಲ್ಲ ಅಂದೆ. ಅಂಗಾದ್ರೆ ಓಗಮ್ಮ ಅಂದ್ರು."

ಅಷ್ಟು ಹೇಳಿ ಅವಳು ಸ್ಪ್ರಿಂಗುಗಳನ್ನು ಡಬ್ಬಕ್ಕೆ ತುಂಬುತ್ತ ಅತ್ತಳಂತೆ. ಮಾರನೆಯ ದಿನವೇ ಮಾವ ಎರಡು ಹಳೆಯ ಕಂಪ್ಯೂಟರ್ ಕೊಂಡು ತಂದು ನನಗೆ ಫೋನ್ ಮಾಡಿದರು. ಮದುವೆಗೆ ಮುಂಚೆ ನಾನೊಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಆ ಒಂದು ತಪ್ಪಿಗೆ ಅವರು ನನ್ನನ್ನು ಇವತ್ತಿಗೂ ಟೀಚರಮ್ಮ ಎಂದೇ ಕರೆಯುತ್ತಾರೆ.

"ಟೀಚರಮ್ಮ, ನಮ್ಮೋರು ಯಾರೂ ಬರಿಗೈಲಿ ಹೋಗಬಾರ್ದು. ಪಾಠದ ಪ್ಲಾನ್ ಹಾಕ್ಕೊಂಡು ಬಾ."

ನಾನು ಎರಡು ದಿನ ಕೂತು ಪ್ಲಾನ್ ಮಾಡಿದೆ. ಟೈಪಿಂಗು, ಸ್ಟಾಕ್ ಎಂಟ್ರಿ, ಬಿಲ್ಲು, ಈಮೇಲು, ಎಲ್ಲವೂ ಇತ್ತು. ಮಾವ ಕನ್ನಡಕ ಏರಿಸಿ ಓದಿ, "ಆಫ್ ಮಾಡೋದು ಎಲ್ಲಮ್ಮ?" ಎಂದರು.

"ಅದೇನು ದೊಡ್ಡದು ಮಾವ, ಕೊನೆಗೆ ಹೇಳಿಕೊಡ್ತೀನಿ."

"ಕೊನೆಗಾ? ಮೊದಲು ಅದು. ನಿಲ್ಲಿಸೋಕೆ ಬರದೇ ಇರೋನ ಕೈಗೆ ಮೆಷೀನ್ ಕೊಡ್ತಾರಾ ಯಾರಾದ್ರೂ?"

ಹಾಗಾಗಿ ನನ್ನ ಶಿಷ್ಯರು ಮೊದಲ ವಾರ ಪೂರ್ತಿ ಕಂಪ್ಯೂಟರನ್ನು ಆಫ್ ಮಾಡಿದರು! ಆನ್ ಮಾಡುವ ಅಧಿಕಾರ ನನಗೊಬ್ಬಳಿಗೇ. ನಾನು ಆನ್ ಮಾಡಿದ್ದನ್ನು ಅವರು ಆಫ್ ಮಾಡಿದರೆ ಎರಡನೆಯ ಕಾನೂನು ಮುರಿದಂತಾಗುವುದಿಲ್ಲವೇ ಎಂದು ಕೇಳಿದೆ. ಮಾವ ಬಹಳ ಹೊತ್ತು ಯೋಚಿಸಿ, ಕಲಿಯುವವರೆಗೆ ರಿಯಾಯಿತಿ ಎಂದು ಅಪ್ಪಣೆ ಕೊಡಿಸಿದರು.

ಮಧ್ಯಾಹ್ನದ ಊಟವಾದ ಮೇಲೆ ಕ್ಲಾಸು. ಮಾವ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಯನ್ನೂ ತಿರುಗಿಸಿ ನೋಡಿ ಒಳಗೆ ಬಿಡುತ್ತಿದ್ದರು. ಮೆಷೀನು ನಡೆಸುವ ರಾಜಣ್ಣನ ಕೈಗೆ ಹತ್ತಿದ ಎಣ್ಣೆ ಮರದ ಪುಡಿಗೂ ಸೋಪಿಗೂ ಜಗ್ಗುತ್ತಿರಲಿಲ್ಲ. ಅವನು ಮೌಸನ್ನು ಒಂದೇ ದಿಕ್ಕಿಗೆ ತಳ್ಳುತ್ತ ಹೋಗಿ, ಟೇಬಲ್ಲಿನ ಅಂಚಿಗೆ ಬಂದಾಗ ನನ್ನ ಮುಖ ನೋಡಿದ. "ಮೇಡಂ, ಟೇಬಲ್ ಸಾಲ್ತಾ ಇಲ್ಲ." ಎತ್ತಿ ಹಿಂದಕ್ಕಿಟ್ಟುಕೊಳ್ಳಬೇಕು ಎಂದು ಕಲಿಸಿದೆ. ಆದರೆ ಮಾರನೆಯ ದಿನ ಹೋಗಿ ನೋಡಿದರೆ ಟೇಬಲ್ಲಿಗೆ ಒಂದು ಹಲಗೆ ಜೋಡಿಸಲಾಗಿತ್ತು. ಮಾವ ತಾವೇ ಮೊಳೆ ಹೊಡೆದಿದ್ದರು.

"ನೀವೂ ಕೂತ್ಕೊಳ್ಳಿ ಮಾವ, ಕಲೀಬಹುದು" ಎಂದೆ ಒಂದು ದಿನ.

"ನಾನು ಕಲಿತು ಯಾವ ಕೆಲಸಕ್ಕೆ ಸೇರ್ಬೇಕು?" ಎಂದು ನಕ್ಕು ಆಚೆ ಹೋದರು.

ಪಾಠ ಒಂದು ಹದಕ್ಕೆ ಬಂದಾಗ ಸಂದರ್ಶನದ ಅಭ್ಯಾಸವೂ ಆಗಬೇಕೆಂದರು. ಗೋಡೌನಿನ ಮ್ಯಾನೇಜರ್ ಯಾರು? ಅವರೇ! ನನ್ನ ಗಂಡನ ಮದುವೆ ಕೋಟನ್ನು ತರಿಸಿ ಹಾಕಿಕೊಂಡರು. ತೋಳು ಬೆರಳ ತುದಿಯವರೆಗೆ ಬರುತ್ತಿತ್ತು. ಕೆಂಪಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಲೇ ಎದುರಿಗೆ ಕೂತಳು.

"ಕಂಪ್ಯೂಟರ್ ಬರುತ್ತಾ?" ಮಾವನ ದನಿ ಗಡುಸಾಗಿತ್ತು.

"ಬರ್ತದೆ ಸಾರ್."

"ಹಳೇ ಕೆಲಸ ಯಾಕೆ ಬಿಟ್ಟೆ?"

ಕೆಂಪಮ್ಮನ ನಗು ನಿಂತಿತು. ಸೆರಗು ಕೆಳಗಿಳಿಯಿತು.

"ನಾನೆಲ್ಲಿ ಬಿಟ್ಟೆ ಸಾರ್."

ಮಾವ ಉದ್ದ ತೋಳುಗಳನ್ನು ಮಡಿಸಿಕೊಳ್ಳುತ್ತ ಕೂತರು. ಆಮೇಲೆ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಸೆಖೆ ಎಂದು ಹೊರಗೆ ಹೋದರು. ಆ ದಿನ ಸೆಖೆಯೇನೂ ಇರಲಿಲ್ಲ. ಕೆಂಪಮ್ಮ ಆ ಕೋಟನ್ನು ಎತ್ತಿ, ಕೊಡವಿ, ನೀಟಾಗಿ ಮಡಿಸಿಟ್ಟಳು.

ನಿಜವಾದ ಸಂದರ್ಶನದಲ್ಲಿ ನಡೆದದ್ದನ್ನು ಅವಳ ಬಾಯಲ್ಲೇ ಕೇಳಬೇಕು. ಗೋಡೌನಿನ ಮ್ಯಾನೇಜರು ತನ್ನ ಮುಂದಿದ್ದ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿ, ಸ್ಟಾಕ್ ಎಂಟ್ರಿ ಮಾಡಿ ತೋರಿಸು ಎಂದರಂತೆ. ಇವಳು ಕೈ ಕಟ್ಟಿಕೊಂಡು ನಿಂತಳಂತೆ.

"ಯಾಕಮ್ಮ, ಬರಲ್ವಾ?"

"ಬರ್ತದೆ ಸಾರ್. ಆದ್ರೆ ಇದು ನೀವು ಆನ್ ಮಾಡಿದ್ದು, ನಾನು ಮುಟ್ಟಂಗಿಲ್ಲ. ನೀವು ಆಫ್ ಮಾಡಿ, ನಾನು ಆನ್ ಮಾಡ್ಕೋತೀನಿ."

ಆ ಮನುಷ್ಯ ಕೆಕ್ಕರಿಸಿ ನೋಡಿ, ಏನನ್ನಿಸಿತೋ ಏನೋ, ಆಫ್ ಮಾಡಿದರಂತೆ. ಇವಳು ಆನ್ ಮಾಡಿ, ಎಂಟ್ರಿ ಮಾಡಿ, ಹೇಳದೆಯೇ ಮತ್ತೆ ಆಫ್ ಮಾಡಿ, ಸ್ವಿಚ್ಚು ಆರಿಸಿ ಕೈ ಮುಗಿದಳಂತೆ. ಕೆಲಸ ಸಿಕ್ಕಿತು! ಮಾವ ಆ ದಿನ ಇಡೀ ಶೆಡ್ಡಿಗೆ ಮೈಸೂರು ಪಾಕು ತರಿಸಿದರು. ರಾಜಣ್ಣನಿಗೆ ಇನ್ನೂ ಎಲ್ಲೂ ಕೆಲಸ ಆಗಿರಲಿಲ್ಲ. ಅವನ ಕೈಗೆ ಮಾವ ಎರಡು ತುಂಡು ಹೆಚ್ಚಿಗೆ ಇಟ್ಟದ್ದನ್ನು ನೋಡಿ ನಾನು ಮುಖ ತಿರುಗಿಸಿಕೊಂಡೆ.

ಕೊನೆಗೆ ಆಯುಧಪೂಜೆಯ ದಿನ ಬಂತು. ಮೆಷೀನುಗಳಿಗೂ ಎರಡು ಕಂಪ್ಯೂಟರುಗಳಿಗೂ ಕುಂಕುಮ, ಹೂವು ಆಯಿತು. ಕುಂಬಳಕಾಯಿ ಒಡೆದೆವು. ಕೊನೆಯ ಬಾರಿಗೆ ಎಲ್ಲ ಮೆಷೀನುಗಳನ್ನೂ ಒಂದು ಗಳಿಗೆ ಚಾಲೂ ಮಾಡಿದರು. ಆಮೇಲೆ ಮಾವ ತಲೆಯಾಡಿಸಿದರು. ರಾಜಣ್ಣ ತನ್ನ ಮೆಷೀನನ್ನು ನಿಲ್ಲಿಸಿ ಅದರ ಮೇಲೆ ಕೈಯಿಟ್ಟು ನಿಂತ. ಕೆಂಪಮ್ಮ ತನ್ನ ಕಂಪ್ಯೂಟರನ್ನು ಆಫ್ ಮಾಡಿದಳು. ಉಳಿದವರೂ ಒಬ್ಬೊಬ್ಬರಾಗಿ ತಮ್ಮ ತಮ್ಮದನ್ನು ನಿಲ್ಲಿಸಿದರು. ಶೆಡ್ಡಿನಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಬಾಗಿಲ ಪಕ್ಕದ ಮೇನ್ ಸ್ವಿಚ್ಚು ಉಳಿದಿತ್ತು. ಉದ್ದ ಹಿಡಿಯ ಹಳೆಯ ಕಾಲದ ಕಬ್ಬಿಣದ ಸ್ವಿಚ್ಚು. ಕಾರ್ಖಾನೆ ಶುರುವಾದ ದಿನ ಅದನ್ನು ಹಾಕಿದವರು ಮಾವ, ಅಲ್ಲಿಂದೀಚೆಗೆ ಯಾರೂ ಆರಿಸಿರಲಿಲ್ಲ. ಅವರೇ ಆರಿಸಬೇಕು. ಹೋಗಿ ಅದರ ಮುಂದೆ ನಿಂತರು. ನಿಂತೇ ಇದ್ದರು.

"ಟೀಚರಮ್ಮ, ನೀನು ಆರಿಸಿಬಿಡು" ಎಂದರು ಹಿಂದೆ ತಿರುಗದೆ.

"ಅದೆಂಗೆ ಸಾರ್?" ಎಂದಳು ಕೆಂಪಮ್ಮ. "ನೀವು ಆಕಿದ್ದು, ನೀವೇ ಆರಿಸ್ಬೇಕು. ನಾವೆಲ್ಲ ಇಲ್ಲೇ ಇದೀವಿ."

"ನಾನೊಬ್ಬನೇ ಹಾಕಿದ್ದಲ್ಲ ಕೆಂಪಮ್ಮ." ಮಾವ ಹಿಡಿಯ ಕಡೆ ನೋಡುತ್ತಲೇ ಹೇಳಿದರು. "ಅವತ್ತು ಹಿಡಿ ಬಿಗಿಯಾಗಿತ್ತು. ನನ್ನ ಕೈಲಿ ಏಳಲಿಲ್ಲ. ಇವಳ ಅತ್ತೆನೂ ಕೈ ಹಾಕಿದ್ಲು. ಈಗ ನಾನೊಬ್ಬನೇ ಹೆಂಗೆ ಆರಿಸ್ಲಿ?"

ಇಷ್ಟು ವರ್ಷ ನಾವೆಲ್ಲ ನಕ್ಕಿದ್ದ ಕಾನೂನು ಅದು. ರಾಜಣ್ಣ ನೆಲ ನೋಡುತ್ತಿದ್ದ.

ಕೆಂಪಮ್ಮ ಮುಂದೆ ಬಂದಳು. ಕ್ಲಾಸಿನ ಬಾಗಿಲಲ್ಲಿ ಮಾವನಿಗೆ ತೋರಿಸುತ್ತಿದ್ದಂತೆಯೇ ತನ್ನ ಎರಡೂ ಕೈ ತಿರುಗಿಸಿ ತೋರಿಸಿದಳು. ಸೆರಗಿನಲ್ಲಿ ಒರೆಸಿಕೊಂಡು, ಒಂದು ಕೈಯನ್ನು ಹಿಡಿಯ ಮೇಲಿಟ್ಟಳು.

"ಅಮ್ಮಾರ ಕೈ ಅನ್ಕೊಳಿ ಸಾರ್. ಬನ್ನಿ."

ಮಾವ ಅವಳ ಕೈಯ ಪಕ್ಕದಲ್ಲಿ ತಮ್ಮ ಕೈಯಿಟ್ಟರು. ಇಬ್ಬರೂ ಸೇರಿ ಎಳೆದರು. ಹಿಡಿ ಒಂಚೂರೂ ಬಿಗಿಯಾಗಿರಲಿಲ್ಲ, ಸಲೀಸಾಗಿ ಕೆಳಗೆ ಬಂತು.